ಮೊಳೆಗೆ ತೂಗಿದ ಹಸಿರು ರವಿಕೆ: ಒಂದು ಸಣ್ಣಕತೆಯನ್ನು ಮೊದಲಿಂದ ಕೊನೆವರೆಗೆ ಬರೆಯುವುದು ಹೇಗೆ

ತಿಪಟೂರಿನ ಒಂದು ಟೈಲರ್ ಅಂಗಡಿಗೆ ಮನೆಯ ಪರದೆ ಹೊಲಿಸಲು ಹೋಗಿದ್ದೆ. ಗೋಡೆಯ ಮೊಳೆಗೆ ಒಂದು ಹಸಿರು ರವಿಕೆ ತೂಗುತ್ತಿತ್ತು. ಹೊಲಿದು ಮುಗಿದಿತ್ತು, ಹುಕ್ಸ್ ಕೂಡ ಹಾಕಿತ್ತು, ಭುಜದ ಮೇಲೆ ಧೂಳು ಕೂತಿತ್ತು. ಯಾರದ್ದು ಅಂತ ಕೇಳಿದೆ. "ಎರಡು ವರ್ಷ ಆಯ್ತು, ತಗೊಂಡು ಹೋಗೋಕೆ ಬರಲೇ ಇಲ್ಲ" ಅಂದು ಟೈಲರ್ ಮಷಿನ್ ತುಳಿಯಲು ಶುರುಮಾಡಿದರು.

ಅಷ್ಟೇ ನನಗೆ ಸಿಕ್ಕಿದ್ದು. ಅದನ್ನು ಕತೆ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಇದು ಸುಮಾರು 2,000 ಪದಗಳ ಸಣ್ಣಕತೆಯ ಲೆಕ್ಕ. ಕಾದಂಬರಿಯ ದಾರಿಯೇ ಬೇರೆ.

1. ಮೊದಲು ಕಣ್ಣಿಗೆ ಕಂಡದ್ದನ್ನು ಹಿಡಿಯಿರಿ

"ಒಂಟಿ ಹೆಂಗಸರ ಕಷ್ಟದ ಬಗ್ಗೆ ಬರೀತೀನಿ" ಅಂತ ಕೂತರೆ ಬರುವುದು ಲೇಖನ. ರವಿಕೆ ಹಿಡಿದು ಕೂತರೆ ಕಷ್ಟ ತಾನಾಗಿಯೇ ಒಳಗೆ ಬರುತ್ತದೆ. ಹಾಗಾಗಿ ಜೇಬಿನಲ್ಲೋ ಬ್ಯಾಗಿನಲ್ಲೋ ಒಂದು ಸಣ್ಣ ಪುಸ್ತಕ ಇರಲಿ. ಕಂಡ ವಸ್ತು, ಕೇಳಿದ ಮಾತು, ಇವೆರಡನ್ನೇ ಬರೆದುಕೊಳ್ಳಿ. ಮಾತನ್ನು ಮಾತ್ರ ಕೇಳಿದ ಹಾಗೇ ಬರೆಯಿರಿ. "ತಗೊಂಡು ಹೋಗೋಕೆ ಬರಲೇ ಇಲ್ಲ" ಅನ್ನುವುದನ್ನು ನಾನು "ಗ್ರಾಹಕರು ಹಿಂಪಡೆದಿಲ್ಲ" ಅಂತ ಬರೆದಿಟ್ಟಿದ್ದರೆ ವಾರ ಕಳೆಯುವಷ್ಟರಲ್ಲಿ ಅದರ ಜೀವ ಹೋಗಿರುತ್ತಿತ್ತು.

ಬರೆದದ್ದೆಲ್ಲ ಕತೆ ಆಗಲ್ಲ. ನನ್ನ ಪುಸ್ತಕದಲ್ಲಿ ಅಂಥ ನಲವತ್ತು ಸಾಲು ಇದ್ದರೆ ಒಂದೋ ಎರಡೋ ಕಾಡುತ್ತವೆ. ಹತ್ತು ದಿನ ಬಿಟ್ಟರೂ ಯಾವುದು ಮರೆತುಹೋಗಲಿಲ್ಲವೋ ಅದನ್ನು ತೆಗೆದುಕೊಳ್ಳಿ.

2. ಸ್ಥಿತಿಯನ್ನು ಘಟನೆ ಮಾಡಿ

ಹೊಸಬರ ಕತೆಗಳಲ್ಲಿ ನಾನು ಜಾಸ್ತಿ ನೋಡುವ ತೊಂದರೆ ಇದು. ಒಂದು ಸ್ಥಿತಿ ಇರುತ್ತದೆ, ಏನೂ ನಡೆಯುವುದಿಲ್ಲ. ರವಿಕೆ ಎರಡು ವರ್ಷದಿಂದ ತೂಗುತ್ತಿದೆ ಅನ್ನುವುದು ಸ್ಥಿತಿ. ಒಂದು ಬೆಳಿಗ್ಗೆ ಯಾರೋ ಹಳೇ ಚೀಟಿ ಹಿಡಿದುಕೊಂಡು ಅಂಗಡಿ ಮೆಟ್ಟಿಲು ಹತ್ತಿದರು ಅಂದರೆ ಕತೆ ಶುರುವಾಯಿತು. ಹಾಗಾಗಿ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಎಷ್ಟೋ ದಿನದಿಂದ ಹೀಗೇ ಇದ್ದದ್ದು ಇವತ್ತೇ ಯಾಕೆ ಬದಲಾಗುತ್ತದೆ?

ನನ್ನ ಉತ್ತರ ಹೀಗೆ ಬಂತು. ರವಿಕೆ ಕೊಟ್ಟ ಹೆಂಗಸು ಬರುವುದಿಲ್ಲ, ಮಗಳು ಬರುತ್ತಾಳೆ. ತಾಯಿ ತೀರಿಕೊಂಡಿದ್ದಾಳೆ. ಪರ್ಸಿನಲ್ಲಿ ಚೀಟಿ ಸಿಕ್ಕಿದೆ.

ಇಷ್ಟಾದ ಮೇಲೆ ಮತ್ತೆ ಆ ಅಂಗಡಿಗೆ ಹೋದೆ. ಈ ಹೆಜ್ಜೆಯನ್ನು ಬಿಟ್ಟುಬಿಡಬೇಡಿ. ಯಾವ ಕಸುಬಿನ ಬಗ್ಗೆ ಬರೆಯುತ್ತೀರೋ ಆ ಕಸುಬಿನವರ ಪಕ್ಕ ಒಂದು ಗಂಟೆ ಕೂತು ನೋಡಿ. ಅಳತೆ ಪುಸ್ತಕದಲ್ಲಿ ಹೆಸರಿಗಿಂತ ಚೀಟಿಯ ನಂಬರು ದೊಡ್ಡದಾಗಿ ಬರೆದಿರುತ್ತದೆ ಅನ್ನುವುದು, ಬಟ್ಟೆಯ ಒಂದು ಚೂರನ್ನು ಚೀಟಿಗೆ ಪಿನ್ ಮಾಡಿಡುತ್ತಾರೆ ಅನ್ನುವುದು ಅಲ್ಲಿ ಕಂಡದ್ದು. ಇನ್ನೊಂದು ಸಂಗತಿ ಕೇಳಿ ತಿಳಿದದ್ದು. ರವಿಕೆಯ ಪಕ್ಕದ ಹೊಲಿಗೆಯ ಒಳಗೆ ಅವರು ಸ್ವಲ್ಪ ಬಟ್ಟೆ ಬಿಟ್ಟಿರುತ್ತಾರೆ. ಮುಂದೆ ದಪ್ಪ ಆದರೆ ಬಿಚ್ಚಿಕೊಳ್ಳಬಹುದು ಅಂತ. ಅದನ್ನು ಕೇಳಿದ ಕ್ಷಣ ಕತೆಯ ಕೊನೆ ಸಿಕ್ಕಿತು ಅನ್ನಿಸಿತು. ಮೇಜಿನ ಮುಂದೆ ಕೂತಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

3. ಯಾರ ಕಣ್ಣಿಂದ ನೋಡುವುದು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಾನು ಮೂರು ವಾರ ಕಳೆದುಕೊಂಡದ್ದು ಇಲ್ಲೇ.

ಮೊದಲ ಕರಡನ್ನು ಮಗಳ ಬಾಯಲ್ಲಿ "ನಾನು" ಅಂತ ಬರೆದೆ. ನಾಲ್ಕನೇ ಪುಟದಲ್ಲಿ ನಿಂತುಹೋಯಿತು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವಳಿಗೆ ಎಲ್ಲ ಗೊತ್ತು. ತಾಯಿಗೆ ಏನಾಯಿತು, ಯಾಕೆ ರವಿಕೆ ಒಯ್ಯಲಿಲ್ಲ, ಎಲ್ಲ. ಗೊತ್ತಿರುವವಳು ಹೇಳದೆ ಮುಚ್ಚಿಟ್ಟರೆ ಆಟ ಆಡಿದಂತೆ ಕಾಣುತ್ತದೆ, ಹೇಳಿಬಿಟ್ಟರೆ ಮೊದಲ ಪುಟದಲ್ಲೇ ಕತೆ ಮುಗಿಯುತ್ತದೆ. ಟೈಲರ್ ರಾಜಣ್ಣನ ಕಡೆಯಿಂದ ಬರೆದಾಗ ದಾರಿ ಬಿಟ್ಟುಕೊಂಡಿತು. ಅವನಿಗೆ ಗೊತ್ತಿರುವುದು ಒಂದು ಅಳತೆ, ಒಂದು ಫೋನ್ ನಂಬರು. ನಿಮ್ಮ ಕತೆ ನಡುವೆ ನಿಂತರೆ ಒಮ್ಮೆ ನೋಡಿ: ಕತೆಯಲ್ಲಿ ಕಡಿಮೆ ಗೊತ್ತಿರುವವರು ಯಾರು? ಅವರ ಕೈಗೆ ಕೊಟ್ಟು ನೋಡಿ.

"ನಾನು" ಅಂತ ಬರೆಯುವವರಿಗೆ ಕನ್ನಡದಲ್ಲಿ ಒಂದು ಗುಂಡಿ ಇದೆ. ಹೋದ, ಹೋದಳು ಅಂದರೆ ಗಂಡೋ ಹೆಣ್ಣೋ ತಕ್ಷಣ ಗೊತ್ತಾಗುತ್ತದೆ. ಆದರೆ "ಹೋದೆ" ಅಂದರೆ ಗೊತ್ತಾಗುವುದಿಲ್ಲ. ಬರೆಯುವವರ ತಲೆಯಲ್ಲಿ ಹೇಳುವವಳು ಐವತ್ತರ ಹೆಂಗಸು, ಓದುವವರ ತಲೆಯಲ್ಲಿ ಮೂವತ್ತರ ಗಂಡಸು. ಎರಡನೇ ಪುಟದಲ್ಲಿ ಯಾರೋ "ಲೇ ಸುಧಾ" ಅಂತ ಕರೆದಾಗ ಓದುಗ ಬೆಚ್ಚಿ ಹಿಂದಕ್ಕೆ ಓಡಬೇಕು. ಮೊದಲ ಹತ್ತು ಸಾಲಿನೊಳಗೆ ಯಾರಾದರೂ ಅವಳನ್ನು ಕರೆಯಲಿ, ಅಥವಾ ಸೆರಗು, ಲುಂಗಿ ಏನಾದರೂ ಬರಲಿ. ಅಂದಹಾಗೆ, ಇಷ್ಟು ಹೊತ್ತು ಓದಿದಿರಿ, ನಾನು ಗಂಡೋ ಹೆಣ್ಣೋ ಇನ್ನೂ ಹೇಳಿಲ್ಲ. ನೀವು ಒಂದನ್ನು ಅಂದುಕೊಂಡಿದ್ದೀರಿ, ಅಲ್ವಾ?

"ಅವನು, ಅವಳು" ಅಂತ ಬರೆಯುವವರಿಗೆ ಎರಡು ಒಳ್ಳೆಯ ಆಯುಧಗಳಿವೆ. ಒಂದು "ತಾನು". "ರಾಜಣ್ಣ ಸುಮ್ಮನಾದ. ತಾನೇ ಒಂದು ದಿನ ಹೋಗಿ ಕೊಟ್ಟು ಬರಬಹುದಿತ್ತು." ಎರಡನೇ ವಾಕ್ಯದಲ್ಲಿ "ಎಂದು ಯೋಚಿಸಿದನು" ಇಲ್ಲ. ಬೇಕಾಗಿಯೂ ಇಲ್ಲ. "ತಾನೇ" ಅಂದ ಕೂಡಲೇ ನಾವು ಅವನ ತಲೆಯೊಳಗೆ ಕೂತಿರುತ್ತೇವೆ.

ಇನ್ನೊಂದು "ಅಂತೆ". "ಆ ಹೆಂಗಸು ಊರು ಬಿಟ್ಟು ಹೋದಳು" ಅಂದರೆ ಅದು ಸುದ್ದಿ. "ಊರು ಬಿಟ್ಟು ಹೋದಳಂತೆ" ಅಂದರೆ ಸುದ್ದಿಯ ಜೊತೆಗೆ ಅಂಗಡಿ ಕಟ್ಟೆಯ ಮೇಲೆ ಕೂತು ಅದನ್ನು ಹೇಳುತ್ತಿರುವ ನಾಲ್ಕು ಜನವೂ ಕಾಣುತ್ತಾರೆ. ರಾಜಣ್ಣ ಅದನ್ನು ನಂಬಿದನೋ ಇಲ್ಲವೋ ಅನ್ನುವ ಅನುಮಾನವೂ ಬರುತ್ತದೆ. ಎರಡು ಅಕ್ಷರಕ್ಕೆ ಇಷ್ಟೆಲ್ಲ ಸಿಗುವಾಗ ಬಿಡುವುದು ಯಾಕೆ?

4. ಏಕವಚನವೋ ಬಹುವಚನವೋ, ಮೊದಲೇ ತೀರ್ಮಾನಿಸಿ

ನಿಜವಾದ ಟೈಲರ್ ಬಗ್ಗೆ ಮೇಲೆ "ಶುರುಮಾಡಿದರು" ಅಂತ ಬರೆದೆ. ಕತೆಯ ರಾಜಣ್ಣನಿಗೆ "ಸುಮ್ಮನಾದ" ಅಂದೆ. ಇದು ಬೇಕಂತಲೇ ಮಾಡಿದ್ದು. ಕತೆಯಲ್ಲಿ "ರಾಜಣ್ಣ ಬಂದರು, ಕೂತರು" ಅಂತ ಬರೆದರೆ ನಾವು ಅಂಗಡಿಯ ಹೊರಗೆ ಗಿರಾಕಿಯ ಜಾಗದಲ್ಲಿ ನಿಂತಿರುತ್ತೇವೆ. "ಬಂದ, ಕೂತ" ಅಂದರೆ ಒಳಗೆ, ಅವನ ಸ್ಟೂಲಿನ ಪಕ್ಕ.

ಆದರೆ ಇದು ಮರ್ಯಾದೆಯ ಪ್ರಶ್ನೆಯೂ ಹೌದು. ಮೇಷ್ಟ್ರಿಗೆ "ಬಂದರು", ಕೂಲಿಯವನಿಗೆ "ಬಂದ" ಅಂತ ಕತೆಗಾರನೇ ಬರೆದರೆ, ಕತೆ ಯಾರ ಪರ ಅಂತ ಓದುಗರಿಗೆ ಗೊತ್ತಾಗಿಬಿಡುತ್ತದೆ. ನನಗೆ ಸರಿ ಕಾಣುವ ದಾರಿ ಇದು: ಯಾರ ಕಣ್ಣಿಂದ ಕತೆ ನಡೆಯುತ್ತಿದೆಯೋ ಅವರು ಯಾರಿಗೆ ಬಹುವಚನ ಕೊಡುತ್ತಾರೋ ಅವರಿಗೆ ಮಾತ್ರ ಕೊಡಿ. ರಾಜಣ್ಣನ ಕಣ್ಣಲ್ಲಿ ಬ್ಯಾಂಕಿನ ಮ್ಯಾನೇಜರ್ "ಅವರು", ಕಾಜಾ ಮಾಡುವ ಹುಡುಗ "ಅವನು". "ಅಪ್ಪ ಬಂದ" ಅನ್ನುವ ಮನೆಗಳಿವೆ, "ಅಪ್ಪ ಬಂದರು" ಅನ್ನುವ ಮನೆಗಳೂ ಇವೆ. ನಿಮ್ಮ ಪಾತ್ರ ಯಾವ ಮನೆಯದು ಅಂತ ನೋಡಿ ಬರೆಯಿರಿ. ಒಮ್ಮೆ ಆರಿಸಿದ ಮೇಲೆ ನಡುವೆ ಬದಲಾಯಿಸಬೇಡಿ. ನೀವು ಬದಲಾಯಿಸಿದರೆ, ಅವರಿಬ್ಬರ ನಡುವೆ ಏನೋ ಆಗಿದೆ ಅಂತ ಓದುಗ ಅಂದುಕೊಳ್ಳುತ್ತಾನೆ. ಹಾಗೆ ಅಂದುಕೊಳ್ಳಲಿ ಅಂತಲೇ ಬದಲಾಯಿಸುವುದಾದರೆ ಸರಿ. ಜಗಳದ ನಡುವೆ ಹೆಂಡತಿ ಗಂಡನಿಗೆ "ನೀವು" ಬಿಟ್ಟು "ನೀನು" ಅಂದಳು ಅಂದರೆ ಒಂದು ಪುಟದ ವರ್ಣನೆ ಉಳಿಯಿತು.

ಹೆಸರಿನ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಹೆಸರು ಊರು, ಜಾತಿ, ವಯಸ್ಸು ಎಲ್ಲ ಹೇಳಿಬಿಡುತ್ತದೆ. ಅರವತ್ತು ವರ್ಷದ ಹಳ್ಳಿಯ ಅಜ್ಜಿಗೆ ಕಾವ್ಯ ಅಂತ ಇಡಬೇಡಿ.

5. ಕರಡು: ಬೇಗ, ಕೆಟ್ಟದಾಗಿ, ಕೊನೆವರೆಗೆ

"ಟೈಮ್ ಸಿಗಲ್ಲ" ಅನ್ನುವುದು ಎಲ್ಲರ ಗೋಳು. ಮಾಸ್ತಿ ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದುಕೊಂಡೇ ಕತೆ ಬರೆದರು. ಯಶವಂತ ಚಿತ್ತಾಲರು ಮುಂಬೈಯ ಕಂಪನಿ ಕೆಲಸದ ನಡುವೆ ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಬರೆದರು. ನಾವು ಅವರಲ್ಲ, ನಿಜ. ಆದರೂ ದಿನಕ್ಕೆ ಅರ್ಧ ಗಂಟೆ ಸಾಕು, ಹೊತ್ತು ಮಾತ್ರ ದಿನಾ ಒಂದೇ ಇರಲಿ. ನನ್ನದು ಬೆಳಿಗ್ಗೆ ಹಾಲಿನವನು ಬರುವ ಮುಂಚೆ. ರಾತ್ರಿ ಪ್ರಯತ್ನಿಸಿ ನೋಡಿದೆ. ನಾಳೆಯ ತಿಂಡಿಯ ಯೋಚನೆ ಗೆದ್ದಿತು.

ದಿನಕ್ಕೆ ಇನ್ನೂರು ಪದ ಅಂದರೆ ಕೈಬರಹದಲ್ಲಿ ಹೆಚ್ಚುಕಮ್ಮಿ ಒಂದು ಪುಟ. ಹತ್ತು ಹನ್ನೆರಡು ದಿನಕ್ಕೆ ಕರಡು ಮುಗಿಯುತ್ತದೆ. ಮೊದಲ ಪುಟವನ್ನೇ ಎಂಟು ಸಲ ತಿದ್ದುತ್ತಾ ಕೂರಬೇಡಿ. ಆ ಪುಟ ಕೊನೆಗೆ ಉಳಿಯುವುದೇ ಅನುಮಾನ. ನನ್ನ ಕತೆಯ ಮೊದಲ ಒಂದೂವರೆ ಪುಟದಲ್ಲಿ ತಿಪಟೂರಿನ ಕೊಬ್ಬರಿ ವ್ಯಾಪಾರ, ರೈಲ್ವೆ ಸ್ಟೇಷನ್ನು, ರಾಜಣ್ಣನ ತಾತ ಎಲ್ಲ ಇತ್ತು. ಈಗ ಅದರಲ್ಲಿ ಒಂದು ಸಾಲೂ ಇಲ್ಲ. ಕತೆ ಚೀಟಿಯಿಂದಲೇ ಶುರುವಾಗುತ್ತದೆ.

ಒಂದು ಉಪಾಯ. ದಿನದ ಬರವಣಿಗೆಯನ್ನು ವಾಕ್ಯದ ನಡುವೆ ನಿಲ್ಲಿಸಿ. "ರಾಜಣ್ಣ ಚೀಟಿಯನ್ನು ತಿರುಗಿಸಿ" ಅಂತ ಬಿಟ್ಟು ಎದ್ದರೆ ಮಾರನೆಯ ದಿನ ಖಾಲಿ ಹಾಳೆಯ ಭಯ ಇರುವುದಿಲ್ಲ.

6. ಮಾತು ಯಾವ ಕನ್ನಡದಲ್ಲಿ?

ಎಲ್ಲರೂ ಪುಸ್ತಕದ ಕನ್ನಡ ಮಾತಾಡಿದರೆ ಕತೆ ನಾಟಕದ ಹಾಗೆ ಕೇಳಿಸುತ್ತದೆ. ಹಾಗಂತ ಗೊತ್ತಿಲ್ಲದ ಊರಿನ ಮಾತನ್ನು ಎಳೆದು ತಂದರೆ ಇನ್ನೂ ಕಷ್ಟ. ಎರಡು ಸಲ "ಏನ್ರೀ", ಒಂದು ಸಲ "ಹೌದ್ರೀ" ಹಾಕಿದ ಮಾತ್ರಕ್ಕೆ ಅದು ಧಾರವಾಡ ಆಗಲ್ಲ. ಧಾರವಾಡದವರು ಮೊದಲ ಸಾಲಿಗೇ ಹಿಡಿಯುತ್ತಾರೆ. ಕುಂದಾಪುರದವರ ಸುದ್ದಿಯನ್ನಂತೂ ಕೇಳಲೇಬೇಡಿ. ನಿಮ್ಮ ಕಿವಿಗೆ ಚಿಕ್ಕಂದಿನಿಂದ ಬಿದ್ದ ಮಾತನ್ನೇ ಬರೆಯಿರಿ. ಬೇರೆ ಊರಿನ ಪಾತ್ರ ಬೇಕೇಬೇಕಾದರೆ ಆ ಊರಿನ ಒಬ್ಬರಿಗೆ ಓದಿ ಹೇಳಿ, ಅವರು ನಕ್ಕಲ್ಲೆಲ್ಲ ಗುರುತು ಹಾಕಿಕೊಳ್ಳಿ.

ನಿರೂಪಣೆ ಬರಹದ ಕನ್ನಡದಲ್ಲಿ, ಮಾತು ಆಡುಗನ್ನಡದಲ್ಲಿ ಇರುವುದು ಎಲ್ಲರೂ ಒಪ್ಪಿದ ಪದ್ಧತಿ. ಆದರೆ ಎರಡರ ನಡುವೆ ಗೋಡೆ ಏಳಬಾರದು. "ಎಂದು ನುಡಿದನು" ಪಕ್ಕದಲ್ಲಿ "ಹೋಗ್ಲಿ ಬಿಡಕ್ಕ" ಕೂತರೆ ಕಿರಿಕಿರಿ. "ಅಂದ" ಸಾಕು. ಎಷ್ಟೋ ಕಡೆ ಅದೂ ಬೇಡ.

ಈಗ ಮಾತು ಹೇಗೆ ಬದಲಾಯಿತು ಅಂತ ನೋಡಿ. ಕರಡಿನಲ್ಲಿ ಮಗಳು ಹೀಗೆ ಹೇಳಿದ್ದಳು:

"ಇದು ನನ್ನ ತಾಯಿ ಎರಡು ವರ್ಷಗಳ ಹಿಂದೆ ನಿಮ್ಮಲ್ಲಿ ಹೊಲಿಯಲು ಕೊಟ್ಟಿದ್ದ ರವಿಕೆಯ ಚೀಟಿ. ಅವರು ಕಳೆದ ತಿಂಗಳು ತೀರಿಕೊಂಡರು."

ಓದುಗರಿಗೆ ಬೇಕಾದ ಮಾಹಿತಿಯೆಲ್ಲ ಇದೆ. ಅದೇ ತೊಂದರೆ. ಅವಳು ಓದುಗರಿಗೆ ವರದಿ ಒಪ್ಪಿಸುತ್ತಿದ್ದಾಳೆ, ಟೈಲರ್ ಜೊತೆ ಮಾತಾಡುತ್ತಿಲ್ಲ. ತಿದ್ದಿದ ಮೇಲೆ:

"ಅಣ್ಣ, ಇದು ನಿಮ್ದೇ ಚೀಟಿನಾ?"

ರಾಜಣ್ಣ ತಿರುಗಿಸಿ ನೋಡಿದ. "ಹಳೇದಲ್ವಾ ಇದು."

"ಅಮ್ಮನ ಪರ್ಸಲ್ಲಿತ್ತು."

"ಅವ್ರೇ ಬರ್ಬೋದಿತ್ತು."

ಹುಡುಗಿ ಮಷಿನ್ ಮೇಲಿನ ದಾರದ ರೀಲು ನೋಡುತ್ತಾ ನಿಂತಳು.

"ಬಾಕಿ ಎಷ್ಟಿದೆ?" ಅಂದಳು.

ಸಾವು ಅನ್ನುವ ಮಾತೇ ಬರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇನ್ನೇನನ್ನೋ ಕೇಳುವುದು ನಾವು ದಿನಾ ಮಾಡುವ ಕೆಲಸ. ಕತೆಯಲ್ಲಿ ಮಾತ್ರ ಯಾಕೋ ಎಲ್ಲರೂ ಶಿಸ್ತಾಗಿ ಉತ್ತರ ಕೊಡುತ್ತಿರುತ್ತಾರೆ.

7. ತಿದ್ದುವಾಗ ಕಿವಿ ಮುಂದಿರಲಿ

ಕರಡು ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಬಾಗಿಲು ಹಾಕಿಕೊಂಡು ಜೋರಾಗಿ ಓದಿ. ಮನೆಯವರು ಏನಾದರೂ ಅಂದುಕೊಳ್ಳಲಿ.

ಮೊದಲು ಕೇಳಿಸುವುದು ವಾಕ್ಯದ ಬಾಲಗಳು. ನನ್ನ ಕರಡಿನ ಒಂದು ಪ್ಯಾರಾ:

"ರಾಜಣ್ಣನು ಆ ರವಿಕೆಯನ್ನು ನೋಡಿದನು. ಅವನಿಗೆ ಅವಳ ನೆನಪಾಯಿತು. ಅವನು ಬಹಳ ದುಃಖಿತನಾದನು. ಅವನ ಕಣ್ಣುಗಳಲ್ಲಿ ನೀರು ತುಂಬಿತು."

ದನು, ಯಿತು, ದನು, ತು. ಮಗ್ಗಿ ಒಪ್ಪಿಸಿದ ಹಾಗಿದೆ. ಜೊತೆಗೆ ಮೊದಲನೆಯದು ಬಿಟ್ಟು ಪ್ರತಿ ವಾಕ್ಯದ ಶುರುವಿಗೆ ಒಂದು "ಅವನು". ಕನ್ನಡದಲ್ಲಿ ಕ್ರಿಯಾಪದವೇ ಯಾರು ಅಂತ ಹೇಳುವುದರಿಂದ ಅರ್ಧಕ್ಕರ್ಧ "ಅವನು"ಗಳನ್ನು ಧೈರ್ಯವಾಗಿ ಹೊಡೆದುಹಾಕಬಹುದು. ಇನ್ನು ದುಃಖ, ಕಣ್ಣೀರು. ಅವನ್ನು ನಾನೇ ಘೋಷಣೆ ಮಾಡಿಬಿಟ್ಟರೆ ಓದುಗರಿಗೆ ಉಳಿದದ್ದೇನು? ಆಮೇಲೆ ಅದು ಹೀಗಾಯಿತು:

"ದೀಪಾವಳಿಯ ಹಿಂದಿನ ದಿನ ಮೊಳೆಗಳೆಲ್ಲ ಖಾಲಿ. ಹಸಿರು ರವಿಕೆ ಒಂದೇ ಉಳಿಯಿತು. ರಾಜಣ್ಣ ಅದನ್ನು ಇಳಿಸಿ, ಧೂಳು ಕೊಡವಿ, ಇನ್ನೊಮ್ಮೆ ಇಸ್ತ್ರಿ ಹಾಕಿ, ಅದೇ ಮೊಳೆಗೆ ತಗುಲಿಸಿದ."

ಮೊದಲ ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಕೊನೆಯದರಲ್ಲಿ ಇಳಿಸಿ, ಕೊಡವಿ, ಹಾಕಿ, ತಗುಲಿಸಿದ ಅಂತ ನಾಲ್ಕು ಕೆಲಸ ಒಂದೇ ಉಸಿರಲ್ಲಿ. ಚಿಕ್ಕ ವಾಕ್ಯ ಆದಮೇಲೆ ಒಂದು ಉದ್ದದ್ದು ಬಂದರೆ ಕಿವಿಗೆ ಹಿತ. "ಇಸ್ತ್ರಿ ಹಾಕಿ" ಅನ್ನುವಲ್ಲಿ ಅವನ ಮನಸ್ಸು ಇದೆ, ಅದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ಎರಡನೇ ಓದಿನಲ್ಲಿ "ತುಂಬಾ, ಬಹಳ, ಅತ್ಯಂತ, ಒಂದು ರೀತಿಯ" ಇವನ್ನು ಹುಡುಕಿ ತೆಗೆಯಿರಿ. ಮೂರನೇ ಓದಿನಲ್ಲಿ ಲೆಕ್ಕ ನೋಡಿ: ವಾರ, ತಿಂಗಳು, ವಯಸ್ಸು, ಯಾರಿಗೆ ಏನು ಯಾವಾಗ ಗೊತ್ತಾಯಿತು. ನನ್ನ ಕತೆಯಲ್ಲಿ ಚೀಟಿಯ ತಾರೀಖು ಯುಗಾದಿಯ ಹತ್ತಿರದ್ದು, ಮಾತಿನಲ್ಲಿ ಮಾತ್ರ "ದಸರಾಕ್ಕೆ ಕೊಟ್ಟಿದ್ದು" ಅಂತ ಇತ್ತು.

8. ಕೊನೆ

ನನ್ನ ಕತೆಯ ಕೊನೆಯಲ್ಲಿ ಹುಡುಗಿ ರವಿಕೆಯನ್ನು ಎದೆಗೆ ಹಿಡಿದು ನೋಡಿ, "ನಂಗೆ ಆಗಲ್ಲ ಅನ್ಸತ್ತೆ" ಅನ್ನುತ್ತಾಳೆ. ರಾಜಣ್ಣ ಹೇಳುತ್ತಾನೆ: "ಬಿಚ್ಚಿದ್ರೆ ಆಗತ್ತೆ. ಒಳಗೆ ಒಂದಿಂಚು ಬಿಟ್ಟಿದೀನಿ."

ಇಲ್ಲಿಗೆ ಮುಗಿಯಬೇಕು. ಆದರೆ ಕರಡಿನಲ್ಲಿ ಇದಾದ ಮೇಲೆ ಇನ್ನೂ ನಾಲ್ಕು ಸಾಲು ಇತ್ತು. ತಾಯಂದಿರ ಪ್ರೀತಿಯೂ ಹಾಗೇ, ಹೊರಗೆ ಕಾಣದ ಹಾಗೆ ಒಳಗೆಲ್ಲೋ ಒಂದಿಂಚು ಜಾಗ ಬಿಟ್ಟಿರುತ್ತದೆ, ಇತ್ಯಾದಿ. ಬರೆಯುವಾಗ ನನಗೇ ಗಂಟಲು ಕಟ್ಟಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ. ಗಂಟಲು ಕಟ್ಟಿದ ಜಾಗವನ್ನೇ ಮೊದಲು ಅನುಮಾನಿಸಿ. ನಿಮ್ಮ ಕತೆಯ ಕೊನೆಯ ಪ್ಯಾರಾವನ್ನು ಬೆರಳಿಂದ ಮುಚ್ಚಿ ಓದಿ ನೋಡಿ. ಅದಿಲ್ಲದೆಯೂ ಕತೆ ನಿಲ್ಲುತ್ತದೆ ಅಂತಾದರೆ ಆ ಪ್ಯಾರಾ ತೆಗೆದುಹಾಕಿ. ನಾನು ತೆಗೆದೆ.

9. ಯಾರಿಗೆ ತೋರಿಸುವುದು

ಇಬ್ಬರು ಸಾಕು. "ಚೆನ್ನಾಗಿದೆ" ಅನ್ನುವವರು ಬೇಡ. "ಎಲ್ಲಿ ಬೇಜಾರಾಯಿತು, ಎಲ್ಲಿ ಅರ್ಥವಾಗಲಿಲ್ಲ" ಅಂತ ಎರಡೇ ಪ್ರಶ್ನೆ ಕೇಳಿ. ಪರಿಹಾರ ಹೇಳಲು ಬಂದರೆ ಕೇಳಿಸಿಕೊಳ್ಳಿ, ಒಪ್ಪಲೇಬೇಕಾಗಿಲ್ಲ. ಆದರೆ ಇಬ್ಬರೂ ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲು ಇದೆ.

ನೆಂಟರು ತಮ್ಮನ್ನು ತಾವೇ ಗುರುತಿಸಿಕೊಂಡು ಮುನಿಸಿಕೊಳ್ಳುವುದು ಇನ್ನೊಂದು ತಲೆನೋವು. ಊರು, ಕಸುಬು, ವಯಸ್ಸು, ಈ ಮೂರರಲ್ಲಿ ಎರಡನ್ನು ಬದಲಾಯಿಸಿದರೆ ಸಾಮಾನ್ಯವಾಗಿ ಪಾರಾಗಬಹುದು. ಕಾವ್ಯನಾಮದ ದಾರಿಯೂ ಇದೆ. ಮಾಸ್ತಿ "ಶ್ರೀನಿವಾಸ" ಆಗಿದ್ದರು, ಅನಸೂಯಾ ಶಂಕರ್ "ತ್ರಿವೇಣಿ" ಆದರು. ಆದರೆ ನೆಂಟರಿಗೆ ಕಾವ್ಯನಾಮ ವಾರದೊಳಗೆ ಗೊತ್ತಾಗುತ್ತದೆ, ಅದು ಬೇರೆ ಮಾತು.

10. ಟೈಪ್ ಮಾಡಿ ಕಳಿಸುವುದು

ಯೂನಿಕೋಡಿನಲ್ಲೇ, ಅಂದರೆ ಯಾವ ಕಂಪ್ಯೂಟರ್, ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಯಲ್ಲಿ, ಟೈಪ್ ಮಾಡಿ. "ನುಡಿ", "ಬರಹ" ಅನ್ನುವ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸದಂತೆ ತೆರೆದುಕೊಳ್ಳುತ್ತದೆ. ಮೊಬೈಲಿಗೆ ಹೇಳಿ ಟೈಪ್ ಮಾಡಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಅಲ್ಪಪ್ರಾಣ ಮಹಾಪ್ರಾಣ ಒಮ್ಮೆ ನೋಡಿಕೊಳ್ಳಿ. "ಟೈಲರ್‌ಗೆ" ಅನ್ನುವುದು "ಟೈಲರ್ಗೆ" ಆಗಿರಬಹುದು, ಅದನ್ನೂ.

ಸುಧಾ, ಮಯೂರ, ತುಷಾರ, ತರಂಗದಂಥ ಪತ್ರಿಕೆಗಳು ಕತೆ ಹಾಕುತ್ತವೆ. ಕಳಿಸುವ ಮುಂಚೆ ಆ ಪತ್ರಿಕೆಯ ಮೂರು ನಾಲ್ಕು ಸಂಚಿಕೆ ಓದಿ. ದೀಪಾವಳಿ ವಿಶೇಷಾಂಕದ ಕಥಾ ಸ್ಪರ್ಧೆಗಳಿಗೆ, ಪ್ರಜಾವಾಣಿಯದ್ದು ಸೇರಿ, ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಪ್ರಕಟಣೆ ಬರುತ್ತದೆ. ಹಬ್ಬ ಹತ್ತಿರ ಬಂದಾಗ ಕತೆ ಹುಡುಕಬೇಡಿ. ಪದಮಿತಿ ಎಷ್ಟಿದೆಯೋ ಅಷ್ಟೇ ಇರಲಿ. ಸ್ಪರ್ಧೆಗೆ ಕಳಿಸುವ ಕತೆ ಬೇರೆಲ್ಲೂ ಬಂದಿರಬಾರದು, ಫೇಸ್‌ಬುಕ್ಕಿನಲ್ಲಿ ಹಾಕಿದ್ದೂ ಲೆಕ್ಕಕ್ಕೆ ಬರಬಹುದು. ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಕತೆಯ ಹಾಳೆಯ ಮೇಲೆ ಹೆಸರು ಇರಕೂಡದು, ಬೇರೆ ಹಾಳೆಯಲ್ಲಿ ಕೊಡಬೇಕು. ಒಂದೇ ಕತೆಯನ್ನು ಒಂದೇ ಸಲಕ್ಕೆ ಇಬ್ಬರಿಗೆ ಕಳಿಸಬೇಡಿ. ಕಾಯಬೇಕಾಗುತ್ತದೆ. ಉತ್ತರವೇ ಬಾರದಿರುವುದೂ ಉಂಟು. ಆ ಹೊತ್ತಿಗೆ ಎರಡನೇ ಕತೆ ಶುರುಮಾಡಿದ್ದರೆ ಹೊಟ್ಟೆ ಅಷ್ಟು ಉರಿಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಫೈಲುಗಳಿಗೆ ತಾರೀಖು ಹಾಕಿ ಹೆಸರಿಡಿ. ನನ್ನ ಕಂಪ್ಯೂಟರಿನಲ್ಲಿ "ರವಿಕೆ ಫೈನಲ್", "ರವಿಕೆ ಫೈನಲ್ 2", "ರವಿಕೆ ಕೊನೇದು" ಅಂತ ಮೂರು ಇದ್ದವು. ಪತ್ರಿಕೆಗೆ ಹೋದದ್ದು "ಫೈನಲ್ 2". ಐದು ತಿಂಗಳಾದ ಮೇಲೆ ಕತೆ ಅಚ್ಚಾಗಿ ಬಂತು, ತಾಯಂದಿರ ಪ್ರೀತಿಯ ಆ ನಾಲ್ಕು ಸಾಲಿನ ಸಮೇತ. ಅವತ್ತು ಸಂಜೆ ಅರಸೀಕೆರೆಯಿಂದ ನಮ್ಮ ಅತ್ತೆ ಫೋನ್ ಮಾಡಿದರು. "ಕತೆ ಓದಿದೆ ಕಣಮ್ಮ. ಮಧ್ಯ ಏನೋ ಅಷ್ಟು ಸರಿಯಾಗಿ ಗೊತ್ತಾಗ್ಲಿಲ್ಲ. ಕೊನೇ ನಾಲ್ಕು ಸಾಲು ಮಾತ್ರ ಎಷ್ಟು ಚೆನ್ನಾಗಿ ಬರ್ದಿದೀಯ!"